ಮ್ಯೂಸಿಕ್ ಟೆಕ್ನಾಲಜಿ ಎ ಲೆವೆಲ್: ಕಿವಿಗೆ ಕೇಳಿಸಿದ್ದಕ್ಕೆ ಕಾರಣ ಹುಡುಕುವುದು

ಇಂಗ್ಲೆಂಡಿನ ಸಿಕ್ಸ್ತ್ ಫಾರ್ಮ್ ಅಂದರೆ 16ರಿಂದ 18 ವಯಸ್ಸಿನವರ ಎರಡು ವರ್ಷದ ಓದು. ಊರಿನ ಲೆಕ್ಕದಲ್ಲಿ ಪಿಯುಸಿ ಅನ್ನಿ. ಸಾಮಾನ್ಯವಾಗಿ ಮೂರು ವಿಷಯ ಆರಿಸಿಕೊಳ್ಳುತ್ತೇವೆ, ಕೊನೆಗೆ ಪ್ರತಿಯೊಂದರಲ್ಲೂ ಎ ಲೆವೆಲ್ ಅನ್ನುವ ಪರೀಕ್ಷೆ. ನನ್ನ ಮೂರರಲ್ಲಿ ಒಂದು ಮ್ಯೂಸಿಕ್ ಟೆಕ್ನಾಲಜಿ, ಅಂದರೆ ಸಂಗೀತವನ್ನು ರೆಕಾರ್ಡ್ ಮಾಡಿ ರೂಪಿಸುವ ತಂತ್ರ. ಈಗ ಎರಡನೇ ವರ್ಷದಲ್ಲಿದ್ದೇನೆ. ಈ ವರ್ಷ ಹೊಸದಾಗಿ ಸೇರಿದವರಿಗೆ, ಹಾಗೇ ಊರಲ್ಲೇ ಕೂತು ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡಿಂಗ್ ಕಲಿಯುತ್ತಿರುವವರಿಗೆ ಉಪಯೋಗ ಆಗಲಿ ಅಂತ ನನ್ನ ನೋಟ್ಸ್ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸಾಫ್ಟ್‌ವೇರ್‌ನ ಮೆನು ಎಲ್ಲ ಬಾಯಿಪಾಠ ಇದ್ದರೂ ಈ ವಿಷಯದಲ್ಲಿ ಮಾರ್ಕ್ಸ್ ಬರುವುದಿಲ್ಲ. ಕಿವಿಗೆ ಏನು ಕೇಳಿಸಿತು, ಅದು ಯಾಕೆ ಹಾಗೆ ಕೇಳಿಸಿತು, ಈ ಎರಡನ್ನೂ ಜೋಡಿಸಿ ಹೇಳಲು ಬರಬೇಕು. ಕೆಳಗೆ ಬರೆದಿರುವುದೆಲ್ಲ ಅದಕ್ಕೇ.

ಪರೀಕ್ಷೆಯ ಚೌಕಟ್ಟು

ಇಂಗ್ಲೆಂಡಿನಲ್ಲಿ ಈ ಎ ಲೆವೆಲ್ ನಡೆಸುವುದು ಪಿಯರ್ಸನ್ ಎಡೆಕ್ಸೆಲ್ ಅನ್ನುವ ಪರೀಕ್ಷಾ ಮಂಡಳಿ. ಈಗಿನ ಪಠ್ಯಕ್ರಮ 2017ರಲ್ಲಿ ಶುರುವಾಯಿತು. ನಾಲ್ಕು ಭಾಗಗಳಿವೆ. ರೆಕಾರ್ಡಿಂಗ್‌ಗೆ 20%: ಅವರು ಕೊಟ್ಟ 10 ಹಾಡುಗಳ ಪಟ್ಟಿಯಿಂದ ಒಂದನ್ನು ಆರಿಸಿ ನೀವೇ ರೆಕಾರ್ಡ್ ಮಾಡಿ ಮಿಕ್ಸ್ ಮಾಡಬೇಕು, ಅಂದರೆ ಬೇರೆ ಬೇರೆ ಶಬ್ದಗಳ ಮಟ್ಟ ಹೊಂದಿಸಿ ಒಂದು ಮಾಡಬೇಕು. ಕಂಪೋಸಿಷನ್‌ಗೆ 20%: ಮೂರು ವಿವರಣೆಗಳಲ್ಲಿ ಒಂದನ್ನು ಹಿಡಿದು 3 ನಿಮಿಷದ ಸಂಗೀತ ಕಟ್ಟಬೇಕು, ಅದರಲ್ಲಿ ಸಿಂಥ್ (ವಿದ್ಯುನ್ಮಾನವಾಗಿ ಶಬ್ದ ಹುಟ್ಟಿಸುವ ವಾದ್ಯ), ಸ್ಯಾಂಪ್ಲಿಂಗ್ (ರೆಕಾರ್ಡ್ ಆದ ಶಬ್ದದ ತುಣುಕು ಬಳಸುವುದು), ಎಫೆಕ್ಟ್ಸ್ ಮೂರೂ ಇರಬೇಕು. ಕೇಳಿ ವಿಶ್ಲೇಷಿಸುವ ಪೇಪರ್‌ಗೆ 25%, ಅದು ಒಂದೂವರೆ ಗಂಟೆ. ಕೊನೆಯದು ಪ್ರೊಡಕ್ಷನ್ ಪೇಪರ್, 35%, ಎರಡೂಕಾಲು ಗಂಟೆ, ಕಂಪ್ಯೂಟರ್ ಮುಂದೆ ಕೂತು ಕೊಟ್ಟ ಆಡಿಯೋ ಮತ್ತು ಮಿಡಿ (ನುಡಿಸುವ ಸೂಚನೆ ಮಾತ್ರ ಇರುವ) ಫೈಲ್‌ಗಳನ್ನು ಸರಿಪಡಿಸಿ, ಮಿಕ್ಸ್ ಮಾಡಿ, ಕೊನೆಗೆ ಒಂದು ಉದ್ದನೆಯ ಉತ್ತರ ಬರೆಯಬೇಕು. ಪ್ರಾಜೆಕ್ಟ್ ಕೆಲಸ ಖುಷಿ ಕೊಡುತ್ತದೆ, ಹಾಗಾಗಿ ಎಲ್ಲರೂ ಅದರಲ್ಲೇ ಮುಳುಗಿರುತ್ತಾರೆ, ಆದರೆ 60% ಇರುವುದು ಪರೀಕ್ಷಾ ಕೋಣೆಯಲ್ಲಿ. ಇದು ಮೊದಲ ತಿಂಗಳಿನಿಂದಲೇ ನೆನಪಿರಲಿ.

ಮೈಕ್ ಇಡುವ ಜಾಗ

ನನಗೆ ಕೇಳಿದರೆ ಇಡೀ ಕೋರ್ಸ್‌ನಲ್ಲಿ ಅತಿ ಮುಖ್ಯವಾದ ಪಾಠ ಇದೇ. ಮಿಕ್ಸ್ ಮಾಡುವಾಗ ನೋಡಿಕೊಂಡರಾಯಿತು ಅಂತ ಎಲ್ಲೋ ಒಂದು ಕಡೆ ಮೈಕ್ ಇಟ್ಟರೆ ಆಮೇಲೆ ಯಾವ ಪ್ಲಗಿನ್ನೂ ಅದನ್ನು ಪೂರ್ತಿ ಸರಿಮಾಡುವುದಿಲ್ಲ.

ಡೈನಮಿಕ್ ಮೈಕ್, ಉದಾಹರಣೆಗೆ ಶೂರ್ ಎಸ್‌ಎಂ 57, ಜೋರು ಶಬ್ದ ತಡೆಯುತ್ತದೆ. ಗಿಟಾರ್ ಆಂಪ್‌ಗೆ, ಸ್ನೇರ್‌ಗೆ ಹೇಳಿ ಮಾಡಿಸಿದ್ದು. ಕಂಡೆನ್ಸರ್ ಮೈಕ್ ಸೂಕ್ಷ್ಮ ವಿವರ ಹಿಡಿಯುತ್ತದೆ, ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲ್ ಮೂಲಕವೇ ಹೋಗುವ ವಿದ್ಯುತ್) ಬೇಕು. ಮುಂದಿನಿಂದ ಬರುವ ಶಬ್ದವನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕ್‌ಗೆ ಹತ್ತಿರ ಬಂದಷ್ಟೂ ಬೇಸ್ ಜಾಸ್ತಿಯಾಗುತ್ತದೆ, ಇದಕ್ಕೆ ಪ್ರಾಕ್ಸಿಮಿಟಿ ಎಫೆಕ್ಟ್ ಅನ್ನುತ್ತಾರೆ. ಇಷ್ಟು ಎಲ್ಲರೂ ಬರೆಯುತ್ತಾರೆ. ಇದರ ಮುಂದಿನ ಹೆಜ್ಜೆಯೇ ಫೇಸ್, ಅಂದರೆ ಎರಡು ಅಲೆಗಳು ಒಂದಕ್ಕೊಂದು ಎಷ್ಟು ಹಿಂದೆ ಮುಂದೆ ಇವೆ ಅನ್ನುವುದು.

ಒಂದೇ ವಾದ್ಯಕ್ಕೆ ಎರಡು ಮೈಕ್ ಇಟ್ಟಿದ್ದೀರಿ ಅಂದುಕೊಳ್ಳಿ. ಎರಡನೆಯದು ಮೊದಲನೆಯದಕ್ಕಿಂತ 34 ಸೆಂಟಿಮೀಟರ್ ದೂರ ಇದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಆ 34 ಸೆಂಟಿಮೀಟರ್‌ಗೆ 1 ಮಿಲಿಸೆಕೆಂಡ್ ತಡ. ಇಷ್ಟೇ ತಾನೇ ಅನಿಸುತ್ತದೆ ಅಲ್ವಾ? ಆದರೆ 500 ಹರ್ಟ್ಸ್‌ನ ಒಂದು ಅಲೆ ಪೂರ್ತಿಯಾಗಲು 2 ಮಿಲಿಸೆಕೆಂಡ್ ಬೇಕು. 1 ಮಿಲಿಸೆಕೆಂಡ್ ತಡವಾದರೆ ಸರಿಯಾಗಿ ಅರ್ಧ ಅಲೆ ಹಿಂದೆ. ಒಂದು ಮೈಕ್‌ನಲ್ಲಿ ಅಲೆ ಮೇಲೆ ಹೋಗುವಾಗ ಇನ್ನೊಂದರಲ್ಲಿ ಕೆಳಗೆ ಬರುತ್ತಿರುತ್ತದೆ. ಎರಡನ್ನೂ ಒಂದೇ ಮಟ್ಟದಲ್ಲಿ ಸೇರಿಸಿದರೆ 500 ಹರ್ಟ್ಸ್ ಅಳಿಸಿಹೋಗುತ್ತದೆ. 1500, 2500 ಹರ್ಟ್ಸ್‌ಗಳ ಕಥೆಯೂ ಅದೇ. 1000 ಹರ್ಟ್ಸ್ ಮಾತ್ರ ಇನ್ನೂ ಜೋರಾಗುತ್ತದೆ. ಹೀಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಶಬ್ದಕ್ಕೆ ಕೋಂಬ್ ಫಿಲ್ಟರಿಂಗ್ ಅನ್ನುತ್ತಾರೆ. ಕೇಳಲು ಟೊಳ್ಳು ಟೊಳ್ಳಾಗಿ, ಪೈಪ್ ಒಳಗಿಂದ ಬಂದ ಹಾಗೆ ಇರುತ್ತದೆ.

ಸ್ನೇರ್ ಡ್ರಮ್‌ನಲ್ಲಿ ಇನ್ನೊಂದು ತರಹದ ತೊಂದರೆ. ಕೋಲು ಬಿದ್ದ ಕೂಡಲೇ ಮೇಲಿನ ಹೊದಿಕೆ ಮೇಲಿನ ಮೈಕ್‌ನಿಂದ ದೂರ ಸರಿಯುತ್ತದೆ, ಕೆಳಗಿನ ಹೊದಿಕೆ ಕೆಳಗಿನ ಮೈಕ್ ಹತ್ತಿರ ಬರುತ್ತದೆ. ಒಂದೇ ಏಟಿಗೆ ಎರಡು ಮೈಕ್‌ಗಳಲ್ಲಿ ಉಲ್ಟಾ ಅಲೆ. ಹಾಗಾಗಿ ಒಂದು ಟ್ರ್ಯಾಕ್‌ನ ಪೋಲಾರಿಟಿ ತಿರುಗಿಸಬೇಕು, ಅಂದರೆ ಅಲೆಯನ್ನು ತಲೆಕೆಳಗು ಮಾಡಬೇಕು. ಸಾಫ್ಟ್‌ವೇರ್‌ನಲ್ಲಿ ಒಂದು ವೃತ್ತ, ಅದರ ಮೇಲೆ ಓರೆ ಗೆರೆ ಇರುವ ಬಟನ್ ಕಾಣುತ್ತದಲ್ಲ, ಅದೇ. ಒತ್ತಿ ನೋಡಿ. ಸ್ನೇರ್ ದಪ್ಪಗಾದರೆ ಹಾಗೇ ಬಿಡಿ, ತೆಳ್ಳಗಾದರೆ ವಾಪಸ್ ಒತ್ತಿ. ಮನೆಯಲ್ಲಿ ಮೃದಂಗ ಇದ್ದರೆ ಎಡಕ್ಕೊಂದು ಬಲಕ್ಕೊಂದು ಮೈಕ್ ಇಟ್ಟು ಇದನ್ನೇ ಪ್ರಯತ್ನ ಮಾಡಿ, ತುಂಬಾ ಕಲಿಯಲು ಸಿಗುತ್ತದೆ. ಯಾವಾಗಲೂ ಮೋನೋದಲ್ಲಿ, ಅಂದರೆ ಎಡ ಬಲ ಎರಡನ್ನೂ ಒಂದು ಮಾಡಿ, ಒಮ್ಮೆ ಕೇಳಿ. ಸ್ಟೀರಿಯೋದಲ್ಲಿ ಅಡಗಿ ಕೂತಿದ್ದ ಫೇಸ್ ತೊಂದರೆ ಮೋನೋದಲ್ಲಿ ಕಿವಿಗೆ ಬೀಳುತ್ತದೆ.

ಅಂಕಿಗಳು

ಇದನ್ನು ಬೇಗ ಮುಗಿಸುತ್ತೇನೆ, ಲೆಕ್ಕ ಸುಲಭ. ಸಿಡಿ ಗುಣಮಟ್ಟ ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್ (ಶಬ್ದದ ಅಲೆಯ ಅಳತೆ), 16 ಬಿಟ್. ಮನುಷ್ಯರಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಒಂದು ಕಂಪನಾಂಕವನ್ನು ಸರಿಯಾಗಿ ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸ್ಯಾಂಪಲ್ ಬೇಕು, ಇದು ನೈಕ್ವಿಸ್ಟ್ ನಿಯಮ. ಫಿಲ್ಟರ್ ಇಲ್ಲದೆ 30,000 ಹರ್ಟ್ಸ್ ಒಳಗೆ ಬಂದರೆ ಅದು 14,100 ಹರ್ಟ್ಸ್‌ನ ಸುಳ್ಳು ಶಬ್ದವಾಗಿ ಕಾಣಿಸಿಕೊಳ್ಳುತ್ತದೆ, ಅದೇ ಏಲಿಯಾಸಿಂಗ್. ಒಂದು ಬಿಟ್‌ಗೆ ಅತಿ ಮೆಲು ಮತ್ತು ಅತಿ ಜೋರು ಶಬ್ದಗಳ ನಡುವೆ ಸುಮಾರು 6 ಡೆಸಿಬಲ್ ಅಂತರ ಸಿಗುತ್ತದೆ. 16 ಬಿಟ್‌ಗೆ 96, 24 ಬಿಟ್‌ಗೆ 144. ರೆಕಾರ್ಡ್ ಮಾಡುವಾಗ 24 ಬಿಟ್ ಇಟ್ಟುಕೊಂಡರೆ ಮಟ್ಟವನ್ನು ಕೆಂಪಿನವರೆಗೆ ತಳ್ಳುವ ಅಗತ್ಯವೇ ಇರುವುದಿಲ್ಲ. ಕೆಳಗೆ ಅಷ್ಟು ಜಾಗ ಇದೆ, ಆರಾಮಾಗಿ ಕಡಿಮೆ ಮಟ್ಟದಲ್ಲಿ ರೆಕಾರ್ಡ್ ಮಾಡಿ.

ಮಿಡಿ ಮತ್ತು ಗಮಕ

ಮಿಡಿ ಬಂದದ್ದು 1983ರಲ್ಲಿ. ಮಿಡಿಯಲ್ಲಿ ಶಬ್ದ ಇರುವುದಿಲ್ಲ, ಯಾವ ಸ್ವರ, ಎಷ್ಟು ಬಲವಾಗಿ, ಯಾವಾಗ ಶುರು, ಯಾವಾಗ ನಿಲ್ಲಿಸು ಅನ್ನುವ ಸೂಚನೆ ಮಾತ್ರ ಇರುತ್ತದೆ. ಸ್ವರದ ಸಂಖ್ಯೆ 0ರಿಂದ 127, ಬಲವೂ 0ರಿಂದ 127.

ಕರ್ನಾಟಕ ಸಂಗೀತ ಕಲಿತವರಿಗೆ ಇಲ್ಲೇ ಕಿರಿಕಿರಿ ಶುರುವಾಗುವುದು. ಪಿಯಾನೋ ರೋಲ್‌ನಲ್ಲಿ (ಮಿಡಿ ಸ್ವರಗಳನ್ನು ತೋರಿಸುವ ಪರದೆ) ರಿಷಭ ಒಂದು ಚೌಕ, ಗಾಂಧಾರ ಇನ್ನೊಂದು ಚೌಕ, ನಡುವೆ ಏನೂ ಇಲ್ಲ. ತೋಡಿಯ ಗಾಂಧಾರವನ್ನು ಹಾಗೆ ಚೌಕದಲ್ಲಿ ಕೂರಿಸಿದರೆ ಅದು ತೋಡಿ ಅಂತ ಯಾರೂ ಒಪ್ಪುವುದಿಲ್ಲ. ದಾರಿ ಇರುವುದು ಪಿಚ್ ಬೆಂಡ್‌ನಲ್ಲಿ, ಅಂದರೆ ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಸೂಚನೆಯಲ್ಲಿ. ಅದಕ್ಕೆ 14 ಬಿಟ್, ಅಂದರೆ 16,384 ಮೆಟ್ಟಿಲು. ಬಹಳಷ್ಟು ಸಿಂಥ್‌ಗಳಲ್ಲಿ ಬೆಂಡ್ ವ್ಯಾಪ್ತಿ ಮೇಲೆ 2, ಕೆಳಗೆ 2 ಸೆಮಿಟೋನ್ (ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರ) ಇರುತ್ತದೆ. ಆಗ ಒಂದು ಸೆಮಿಟೋನ್‌ಗೆ 4,096 ಮೆಟ್ಟಿಲು ಸಿಗುತ್ತದೆ, ಜಾರಿಕೆ ನಯವಾಗಿ ಬರುತ್ತದೆ. ಉದ್ದನೆಯ ಜಾರು ಬೇಕಾದರೆ ವ್ಯಾಪ್ತಿಯನ್ನು 12ಕ್ಕೆ ಏರಿಸಿ, ಆಗಲೂ ಒಂದು ಸೆಮಿಟೋನ್‌ಗೆ ಸುಮಾರು 683 ಉಳಿಯುತ್ತದೆ, ಸಾಕು. ಕೀಬೋರ್ಡ್‌ನ ಪಿಚ್ ಬೆಂಡ್ ಚಕ್ರ ತಿರುಗಿಸಿ ಒಂದೇ ಸಲಕ್ಕೆ ಸರಿಯಾಗಿ ಬರುವುದು ಕಷ್ಟ. ಮೊದಲು ಹಾಡಿ ರೆಕಾರ್ಡ್ ಮಾಡಿಕೊಳ್ಳಿ, ಆ ಟ್ರ್ಯಾಕ್ ಕೇಳುತ್ತಾ ಬೆಂಡ್ ಎಲ್ಲಿ ಎಷ್ಟು ಅಂತ ಹೇಳುವ ಆಟೊಮೇಷನ್ ಗೆರೆಯನ್ನು ಪೆನ್ಸಿಲ್ ಟೂಲ್‌ನಲ್ಲಿ ಬರೆಯಿರಿ. ಸ್ವರದ ಮೇಲೆ ಕಂಪಿತ ಸಮವಾದ ಅಲೆಯಾಗಿರುವುದಿಲ್ಲ, ಮೇಲಿನ ತುದಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡಿ ಬರೆದರೆ ಜೀವ ಬರುತ್ತದೆ. ಎಲ್‌ಎಫ್‌ಒ (ಒಂದೇ ಸಮನೆ ನಿಧಾನವಾಗಿ ಏರಿಳಿಯುವ ಅಲೆ) ಹಾಕಿ ಸುಮ್ನೆ ಅಲ್ಲಾಡಿಸಿದರೆ ಸೈರನ್ ಆಗುತ್ತದೆ. ಕಂಪೋಸಿಷನ್‌ನಲ್ಲಿ ಈ ಕೆಲಸ ಮಾಡಿದ್ದಕ್ಕೆ ನನಗೆ ತುಂಬಾ ಹೆಮ್ಮೆ ಇದೆ.

ಕಂಪ್ರೆಸರ್

ಜೋರಾದ ಶಬ್ದವನ್ನು ತಗ್ಗಿಸುವ ಸಾಧನ ಇದು, ಪರೀಕ್ಷೆಯ ಕಾಯಂ ಅತಿಥಿ. ಒಂದು ಲೆಕ್ಕ ಮಾಡೋಣ. ಥ್ರೆಶೋಲ್ಡ್ (ತಗ್ಗಿಸಲು ಶುರುಮಾಡುವ ಮಟ್ಟ) −20 ಡೆಸಿಬಲ್, ರೇಷಿಯೋ (ಅದರ ಮೇಲಿನದನ್ನು ತಗ್ಗಿಸುವ ಪ್ರಮಾಣ) 4:1, ಒಳಗೆ ಬಂದ ಶಬ್ದ −8. ಥ್ರೆಶೋಲ್ಡ್‌ಗಿಂತ 12 ಡೆಸಿಬಲ್ ಮೇಲೆ. 12ನ್ನು 4ರಿಂದ ಭಾಗಿಸಿ, 3. ಹೊರಗೆ ಬರುವುದು −17. ಅಂದರೆ 9 ಡೆಸಿಬಲ್ ತಗ್ಗಿತು. ಈಗ ಮೇಕಪ್ ಗೇನ್ (ಕೊನೆಗೆ ಇಡೀ ಶಬ್ದವನ್ನು ಏರಿಸುವುದು) 9 ಡೆಸಿಬಲ್ ಕೊಟ್ಟರೆ ಜೋರಾದ ಜಾಗ ಮತ್ತೆ −8ಕ್ಕೆ ಬಂತು. ಥ್ರೆಶೋಲ್ಡ್‌ನ ಕೆಳಗಿದ್ದ −30ರ ಮೆಲು ಜಾಗ ಏನಾಯಿತು? ಅದನ್ನು ಕಂಪ್ರೆಸರ್ ಮುಟ್ಟಲೇ ಇಲ್ಲ, ಆದರೆ ಮೇಕಪ್ ಗೇನ್ ಅದಕ್ಕೂ ಸಿಕ್ಕಿತು, ಈಗ ಅದು −21. ಗಾಯಕಿ ಉಸಿರೆಳೆಯುವ ಶಬ್ದ, ಕೋಣೆಯ ಗುಂಯ್ ಅನ್ನುವಿಕೆ, ಹಾಳೆ ಸರಿದದ್ದು, ಎಲ್ಲವೂ 9 ಡೆಸಿಬಲ್ ಹತ್ತಿರ ಬಂದವು.

ಈಗ ಉತ್ತರ ಬರೆಯಿರಿ. "ಹಾಡಿನ ಧ್ವನಿಗೆ ಕಂಪ್ರೆಷನ್ ಬಳಸಿದ್ದಾರೆ" ಅಂತ ಬರೆದರೆ ಊಹೆಯೂ ಆಗಬಹುದು, ಎಲ್ಲ ಹಾಡಿಗೂ ಹೊಂದುತ್ತದೆ. "ಮೆಲುವಾಗಿ ಹಾಡಿದ ಸಾಲೂ ಜೋರಾದ ಸಾಲೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿವೆ, ಸಾಲುಗಳ ನಡುವೆ ಉಸಿರು ಎದ್ದು ಕೇಳುತ್ತದೆ, ಹಾಗಾಗಿ ರೇಷಿಯೋ ಹೆಚ್ಚಿಟ್ಟು ಮೇಕಪ್ ಗೇನ್ ಕೊಟ್ಟಿದ್ದಾರೆ" ಅಂತ ಬರೆದರೆ ನೀವು ಆ ಹಾಡನ್ನೇ ಕೇಳಿದ್ದೀರಿ ಅಂತ ಗೊತ್ತಾಗುತ್ತದೆ. ಅಟ್ಯಾಕ್ ಸಮಯಕ್ಕೂ (ಕಂಪ್ರೆಸರ್ ಶಬ್ದ ತಗ್ಗಿಸಲು ತೆಗೆದುಕೊಳ್ಳುವ ಸಮಯ) ಇದೇ ರೀತಿ ಸಾಕ್ಷಿ ಹುಡುಕಬೇಕು. ಸ್ನೇರ್‌ಗೆ 1 ಮಿಲಿಸೆಕೆಂಡ್ ಅಟ್ಯಾಕ್ ಇಟ್ಟರೆ ಮೊದಲ ಏಟಿನ ಮೊನೆ ಮೊಂಡಾಗುತ್ತದೆ, 30 ಇಟ್ಟರೆ ಏಟು ಹಾಗೇ ದಾಟಿ ಬಂದು ಅದರ ಹಿಂದಿನ ಬಾಲ ಮಾತ್ರ ತಗ್ಗುತ್ತದೆ, ಡ್ರಮ್ ಇನ್ನೂ ಚುರುಕಾಗಿ ಕೇಳುತ್ತದೆ. ಯಾವುದಾದರೂ ಒಂದು ಡ್ರಮ್ ಲೂಪ್ ಹಾಕಿಕೊಂಡು ಅಟ್ಯಾಕ್ ನಾಬ್ ಒಂದನ್ನೇ ನಿಧಾನಕ್ಕೆ ತಿರುಗಿಸುತ್ತಾ ಕಣ್ಣು ಮುಚ್ಚಿ ಕೇಳಿ.

ಇತಿಹಾಸ: ಇಸವಿ ಸಾಲದು, ಕಾರಣ ಬೇಕು

ರೆಕಾರ್ಡಿಂಗ್ ತಂತ್ರಜ್ಞಾನ ಬೆಳೆದ ಬಗೆ ಪಠ್ಯದಲ್ಲಿ ದೊಡ್ಡ ಭಾಗ. ಇಸವಿಗಳ ಪಟ್ಟಿ ಮಾಡಿಕೊಳ್ಳಿ, ಬೇಡ ಅನ್ನುವುದಿಲ್ಲ, ಆದರೆ ಪ್ರತಿಯೊಂದರ ಪಕ್ಕದಲ್ಲೂ ಯಾವ ತೊಂದರೆಗೆ ಇದು ಪರಿಹಾರ ಆಯಿತು ಅಂತ ಒಂದು ಸಾಲು ಬರೆಯಿರಿ.

1960ರ ದಶಕದ ಮಧ್ಯದಲ್ಲಿ ಲಂಡನ್ನಿನ ದೊಡ್ಡ ಸ್ಟುಡಿಯೋಗಳಲ್ಲೂ 4 ಟ್ರ್ಯಾಕ್ ಟೇಪ್ ಇತ್ತು, ಅಂದರೆ ನಾಲ್ಕು ಶಬ್ದಗಳನ್ನಷ್ಟೇ ಬೇರೆ ಬೇರೆಯಾಗಿ ಇಡಬಹುದಿತ್ತು. ನಾಲ್ಕೂ ತುಂಬಿದರೆ ಅವನ್ನು ಮಿಕ್ಸ್ ಮಾಡಿ ಇನ್ನೊಂದು ಟೇಪ್‌ನ ಒಂದೆರಡು ಟ್ರ್ಯಾಕ್‌ಗೆ ಇಳಿಸಬೇಕು. ಆ ಮಿಕ್ಸ್ ಮತ್ತೆ ಬಿಡಿಸಲು ಬರುವುದಿಲ್ಲ, ಜೊತೆಗೆ ಪ್ರತಿ ಸಲವೂ ಹಿಸ್ (ಟೇಪ್‌ನ ಸುಸ್ ಅನ್ನುವ ಶಬ್ದ) ಏರುತ್ತದೆ, ಮೇಲಿನ ಕಂಪನಾಂಕಗಳು ಮಂಕಾಗುತ್ತವೆ. ಹಳೆಯ ಸ್ಟೀರಿಯೋ ಹಾಡುಗಳಲ್ಲಿ ಡ್ರಮ್ಸ್ ಇಡಿಯಾಗಿ ಒಂದೇ ಕಿವಿಯಲ್ಲಿ ಕೇಳುವುದಕ್ಕೆ ಇದೂ ಒಂದು ಕಾರಣ, ಒಂದೇ ಟ್ರ್ಯಾಕ್‌ನಲ್ಲಿ ಸೇರಿಹೋಗಿದ್ದನ್ನು ಆಮೇಲೆ ಹರಡುವುದು ಹೇಗೆ?

ಅದೇ ಹೊತ್ತಿಗೆ, 1966ರಲ್ಲಿ, ಅಬ್ಬೆ ರೋಡ್‌ನ ಎಂಜಿನಿಯರ್ ಕೆನ್ ಟೌನ್‌ಸೆಂಡ್ ಎಡಿಟಿ (ಆರ್ಟಿಫಿಶಿಯಲ್ ಡಬಲ್ ಟ್ರ್ಯಾಕಿಂಗ್) ಕಂಡುಹಿಡಿದರು. ಬೀಟಲ್ಸ್‌ಗೆ ಒಂದೇ ಸಾಲನ್ನು ಎರಡು ಸಲ ಹಾಡಿ ಧ್ವನಿ ದಪ್ಪ ಮಾಡುವುದು ಬೇಸರವಾಗಿತ್ತು. ಟೌನ್‌ಸೆಂಡ್ ಅದೇ ಧ್ವನಿಯನ್ನು ಎರಡನೇ ಟೇಪ್ ಯಂತ್ರಕ್ಕೆ ಕಳಿಸಿ, ಅದರ ವೇಗ ಸ್ವಲ್ಪ ಏರಿಳಿಸಿ, ಮೂಲದ ಜೊತೆ ಬೆರೆಸಿದರು.

ಗೇಟೆಡ್ ರಿವರ್ಬ್, ಅಂದರೆ ಪ್ರತಿಧ್ವನಿಯನ್ನು ನಡುವೆಯೇ ಕತ್ತರಿಸುವುದು, ಇದರ ಕಥೆ ನನಗೆ ಇನ್ನೂ ಇಷ್ಟ. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಅವರ ಮೂರನೇ ಆಲ್ಬಂ ಕೆಲಸ ನಡೆಯುತ್ತಿತ್ತು, ಅದು ಹೊರಬಂದದ್ದು 1980ರಲ್ಲಿ. ಅಲ್ಲಿನ ಎಸ್‌ಎಸ್‌ಎಲ್ ಕನ್ಸೋಲ್‌ನಲ್ಲಿ (ಮಿಕ್ಸ್ ಮಾಡುವ ದೊಡ್ಡ ಮೇಜು) ಕೋಣೆಯೊಳಗಿನವರ ಮಾತು ಕೇಳಿಸಿಕೊಳ್ಳಲು ಒಂದು ಮೈಕ್ ಇತ್ತು, ದೂರದವರ ಮಾತೂ ಕೇಳಲಿ ಅಂತ ಅದಕ್ಕೆ ಭಾರೀ ಕಂಪ್ರೆಷನ್. ಫಿಲ್ ಕಾಲಿನ್ಸ್ ಡ್ರಮ್ಸ್ ಬಾರಿಸುವಾಗ ಆ ಮೈಕ್ ತೆರೆದಿತ್ತು. ಎಂಜಿನಿಯರ್ ಹ್ಯೂ ಪ್ಯಾಡ್ಗಮ್ ಆ ಶಬ್ದಕ್ಕೆ ನಾಯ್ಸ್ ಗೇಟ್ (ಶಬ್ದ ಒಂದು ಮಟ್ಟಕ್ಕಿಂತ ಇಳಿದರೆ ಅದನ್ನು ಮುಚ್ಚಿಬಿಡುವ ಸಾಧನ) ಹಾಕಿದರು. ಕೋಣೆಯ ಗುಡುಗು ಉಬ್ಬಿ ಬಂದು, ಬಾಲ ಎಳೆಯುವ ಮೊದಲೇ ಫಕ್ಕನೆ ನಿಲ್ಲುತ್ತದೆ. 80ರ ದಶಕದ ಡ್ರಮ್ ಶಬ್ದ ಅಂದರೆ ಇದೇ. ಕಂಪ್ರೆಸರ್ ಲೆಕ್ಕ ಅರ್ಥ ಆಗಿದ್ದರೆ ಆ ಗುಡುಗು ಯಾಕೆ ಉಬ್ಬಿತು ಅನ್ನುವುದನ್ನು ನೀವೇ ಹೇಳಬಲ್ಲಿರಿ: ಏಟು ತಗ್ಗಿತು, ಕೋಣೆಯ ಪ್ರತಿಧ್ವನಿ ಮೇಲೆ ಬಂತು.

ಪ್ರೊಡಕ್ಷನ್ ಪೇಪರ್ ದಿನ

ಡಿಲೇ (ಶಬ್ದ ತಡವಾಗಿ ಮರುಕಳಿಸುವ ಎಫೆಕ್ಟ್) ಸಮಯ ಹಾಡಿನ ವೇಗಕ್ಕೆ ಹೊಂದಬೇಕು. 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿ. 96 ಬಿಪಿಎಂ ಆದರೆ ಒಂದು ಬೀಟ್‌ಗೆ 625 ಮಿಲಿಸೆಕೆಂಡ್, ಅರ್ಧ ಬೀಟ್‌ಗೆ 312.5, ಮುಕ್ಕಾಲು ಬೀಟ್‌ಗೆ 468.75. ಇದನ್ನು ಕ್ಯಾಲ್ಕುಲೇಟರ್ ಇಲ್ಲದೆ ಅಂದಾಜು ಮಾಡಲು ಬಂದರೆ ಸಮಯ ಉಳಿಯುತ್ತದೆ.

ಮೊದಲು ಫೈಲ್‌ಗಳನ್ನೆಲ್ಲ ಒಂದೊಂದಾಗಿ ಸೋಲೋ ಮಾಡಿ (ಉಳಿದವು ಕೇಳಿಸದ ಹಾಗೆ) ಕೇಳಿ. ಕ್ಲಿಕ್, ಹಮ್, ತಪ್ಪು ಸ್ವರ, ಬೀಟ್‌ಗೆ ಮುಂಚೆ ಬಂದ ನೋಟ್ ಅಲ್ಲೇ ಸಿಗುತ್ತವೆ. ಮಿಕ್ಸ್‌ನೊಳಗೆ ಹುಡುಕಲು ಹೋದರೆ ಅರ್ಧ ಗಂಟೆ ಹೋಗುತ್ತದೆ. 50 ಹರ್ಟ್ಸ್ ಹಮ್ ತೆಗೆಯುವಾಗ ಕಿರಿದಾದ ನಾಚ್ (ಆ ಒಂದೇ ಕಂಪನಾಂಕ ಕತ್ತರಿಸುವ ಫಿಲ್ಟರ್) ಸಾಕು, ಅಗಲವಾಗಿ ಕತ್ತರಿಸಿದರೆ ಬೇಸ್ ಗಿಟಾರ್ ಕೂಡ ಹೋಗುತ್ತದೆ. ಕೊನೆಯ ಉದ್ದನೆಯ ಉತ್ತರಕ್ಕೆ ಕನಿಷ್ಠ 25 ನಿಮಿಷ ಇಟ್ಟುಕೊಳ್ಳಿ, ಅದಕ್ಕೆ 20 ಮಾರ್ಕ್ಸ್ ಇದೆ, ಮಿಕ್ಸ್‌ನಲ್ಲಿ ಹೈ ಹ್ಯಾಟ್ ಒಂದು ಡೆಸಿಬಲ್ ಏರಿಸುವುದೋ ಬೇಡವೋ ಅಂತ ಕೂತರೆ ಅಷ್ಟು ಸಿಗುವುದಿಲ್ಲ.

ಮಿಕ್ಸ್ ಬೌನ್ಸ್ ಮಾಡುವ (ಒಂದೇ ಆಡಿಯೋ ಫೈಲ್ ಆಗಿ ಹೊರತೆಗೆಯುವ) ಮುಂಚೆ ಶುರುವಿನಲ್ಲಿ ಖಾಲಿ ಜಾಗ ಇಲ್ಲ ಅಂತ ನೋಡಿ, ಹಾಡು ಮುಗಿಯುವ ಜಾಗ ತೋರಿಸುವ ಗೆರೆಯನ್ನು ಎರಡು ಬಾರ್ ಮುಂದಕ್ಕೆ ಎಳೆಯಿರಿ, ಇಲ್ಲದಿದ್ದರೆ ರಿವರ್ಬ್‌ನ ಬಾಲ ಕತ್ತರಿಸಿಹೋಗುತ್ತದೆ. ಸೋಲೋ ಬಟನ್ ಯಾವುದಾದರೂ ಒತ್ತಿಕೊಂಡೇ ಇದೆಯಾ ನೋಡಿ. ಮಾಸ್ಟರ್‌ನಲ್ಲಿ ಕೆಂಪು ಬಂದಿಲ್ಲ ತಾನೇ? ಬೌನ್ಸ್ ಆದ ಮೇಲೆ ಆ ಫೈಲನ್ನೇ ತೆರೆದು, ಸಾಫ್ಟ್‌ವೇರ್‌ನಿಂದ ಹೊರಗೆ, ಮೊದಲಿಂದ ಕೊನೆಯವರೆಗೆ ಒಂದು ಸಲ ಕೇಳಿ, ಆಮೇಲೆ ಪ್ರಶ್ನೆಪತ್ರಿಕೆಯಲ್ಲಿ ಹೇಳಿರುವ ಹೆಸರಿನಲ್ಲೇ ಸೇವ್ ಮಾಡಿ.