ಶರಾವತಿಯ ಕರೆಂಟು, ಮುಳುಗಡೆಯ ಕಾಗದ

ಶರಾವತಿ ಪಂಪ್ಡ್ ಸ್ಟೋರೇಜ್, ಅಂದರೆ ಹೊಳೆಯ ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಇಳಿಸಿ ಕರೆಂಟು ಮಾಡುವ ಯೋಜನೆ, ಬೇಕೋ ಬೇಡವೋ ಎಂದು ಸಾಗರದ ಕಡೆ ಯಾರನ್ನಾದರೂ ಕೇಳಿ ನೋಡಿ. ಮಾತು ಸಿಂಗಳೀಕದಿಂದ ಶುರುವಾಗುತ್ತದೆ. ಬೆಂಗಳೂರಿನ ಕರೆಂಟಿಗೆ ಹೊರಳುತ್ತದೆ. ಕೊನೆಗೆ ಅಜ್ಜನ ಕಾಲದಿಂದ ಕೈಗೆ ಸಿಗದ ಹಕ್ಕುಪತ್ರಕ್ಕೆ ಬಂದು ನಿಲ್ಲುತ್ತದೆ. ಹೊರಗಿನವರಿಗೆ ಎಲ್ಲಿಂದೆಲ್ಲಿಯ ಸಂಬಂಧ ಅನ್ನಿಸಬಹುದು. ಆದರೆ ಇಲ್ಲಿ ಒಂದನ್ನು ಬಿಟ್ಟು ಇನ್ನೊಂದರ ಬಗ್ಗೆ ಮಾತಾಡಲು ಆಗುವುದಿಲ್ಲ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಾಗಿನಿಂದ, 1948ರಲ್ಲಿ ಜೋಗದ ಪವರ್ ಹೌಸ್ ತಿರುಗುವವರೆಗೆ, ಮೈಸೂರಿನ ಕರೆಂಟ್ ಎಂದರೆ ಹೆಚ್ಚುಕಮ್ಮಿ ನೀರಿನ ಕರೆಂಟೇ. ಜೋಗಕ್ಕಾಗಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಅಲ್ಲಿಂದ ಸಿಕ್ಕಿದ್ದು 120 ಮೆಗಾವಾಟ್. ಅದು ಬೇಗನೆ ಸಾಲದಾಯಿತು. 1964ರಲ್ಲಿ ಹೊಳೆಯ ಕೆಳಭಾಗದಲ್ಲಿ ಲಿಂಗನಮಕ್ಕಿ ಎದ್ದಿತು. ಸಮುದ್ರ ಮಟ್ಟದಿಂದ 1,819 ಅಡಿಯವರೆಗೆ ತುಂಬಿದರೆ 151 ಟಿಎಂಸಿ ನೀರು. ಊರುಗಳ ಜೊತೆ ಹಳೇ ಅಣೆಕಟ್ಟೂ ಮುಳುಗಿತು. ಹಿನ್ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದರ ಸೈಫನ್ ಕಟ್ಟಡಗಳು ಮೇಲೆದ್ದು ಕಾಣುತ್ತವೆ. ಜನ ಕಾರು ಮಾಡಿಕೊಂಡು ನೋಡಲು ಹೋಗುತ್ತಾರೆ.

ಲಿಂಗನಮಕ್ಕಿಯ ನೀರು ಬಂದು ನಿಲ್ಲುವ ತಳಕಳಲೆಯ ಕೆರೆಯಿಂದ ಹತ್ತು ದೊಡ್ಡ ಪೈಪುಗಳಲ್ಲಿ ಧುಮುಕುವ ನೀರು ಶರಾವತಿ ಪವರ್ ಹೌಸಿನ ಹತ್ತು ಟರ್ಬೈನುಗಳನ್ನು ತಿರುಗಿಸುತ್ತದೆ. ಒಂದೊಂದೂ 103.5 ಮೆಗಾವಾಟ್, ಒಟ್ಟು 1,035. ಮೊದಲನೆಯದು ಅರವತ್ತರ ದಶಕದ ನಡುವೆ ಶುರುವಾಯಿತು, ಕೊನೆಯದು 1977ರಲ್ಲಿ. ಈ ನಡುವೆ, 1970ರಲ್ಲಿ, ಸರ್ಕಾರ ವಿದ್ಯುತ್ ಉತ್ಪಾದನೆಗೆಂದೇ ಒಂದು ಕಂಪನಿ ಮಾಡಿತು. ಅದೇ ಇಂದಿನ ಕರ್ನಾಟಕ ವಿದ್ಯುತ್ ನಿಗಮ, ನಮ್ಮವರ ಬಾಯಲ್ಲಿ ಕೆಪಿಸಿ. ಆಮೇಲೆ ಕಾಳಿ, ವಾರಾಹಿ, ರಾಯಚೂರಿನ ಕಲ್ಲಿದ್ದಲು, ಗೇರುಸೊಪ್ಪೆ ಎಲ್ಲ ಬಂದವು.

ಈ 1970 ಅನ್ನುವ ವರ್ಷ ಸಣ್ಣ ವಿಷಯವಲ್ಲ. ಕಂಪನಿ ಹುಟ್ಟುವ ಹೊತ್ತಿಗೆ ನೀರು ನಿಂತು ಆರು ವರ್ಷವಾಗಿತ್ತು. ಅಣೆಕಟ್ಟು, ಪವರ್ ಹೌಸ್, ಕಾರ್ಗಲ್‌ನ ಕಾಲೊನಿ ಎಲ್ಲವೂ ಕಂಪನಿಯ ಲೆಕ್ಕಕ್ಕೆ ಸೇರಿದವು. ಊರು ಬಿಟ್ಟವರ ಲೆಕ್ಕ ಮಾತ್ರ ಕಂದಾಯ ಇಲಾಖೆಯಲ್ಲೇ ಉಳಿಯಿತು. ಅವರು ಹೋಗಿ ಕೂತ ಜಾಗ ಅರಣ್ಯ ಇಲಾಖೆಯದು. ಹಾಗಾಗಿ ಮುಳುಗಡೆಯವರು ಯಾವ ಕಚೇರಿಗೆ ಹೋದರೂ 'ಇದು ನಮ್ಮದಲ್ಲ, ಅಲ್ಲಿ ಕೇಳಿ' ಎಂಬ ಉತ್ತರ ಸಿಗುತ್ತದೆ. ಕಾಗದ ನೋಡಿದರೆ ಆ ಮಾತು ಸುಳ್ಳೂ ಅಲ್ಲ.

ನೀರು ಬಂದ ಕಾಲವೂ ಕೆಟ್ಟದಾಗಿತ್ತು. ಆಗ ಕಣಿವೆಯ ತುಂಬ ಗೇಣಿ ಪದ್ಧತಿ. ಉಳುವವನು ಒಬ್ಬ, ಪಹಣಿಯಲ್ಲಿ ಹೆಸರಿದ್ದವನು ಇನ್ನೊಬ್ಬ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲೇ ಗೇಣಿದಾರರು ಸತ್ಯಾಗ್ರಹ ಮಾಡಿದ್ದರು. ಆದರೂ ಉಳುವವನಿಗೆ ಭೂಮಿ ಕೊಡಿಸಿದ ಕಾನೂನು ಗಟ್ಟಿಯಾಗಿ ಜಾರಿಗೆ ಬಂದದ್ದು 1974ರಲ್ಲಿ. ಲಿಂಗನಮಕ್ಕಿ ತುಂಬಿದ್ದು ಅದಕ್ಕೂ ಹತ್ತು ವರ್ಷ ಮೊದಲು. ಪರಿಹಾರ ಪಹಣಿ ನೋಡಿಕೊಂಡು ಹೋಯಿತು. ಅದೇ ಗದ್ದೆಯಲ್ಲಿ ತಲೆಮಾರಿನಿಂದ ನೆಟ್ಟು ಕೊಯ್ದವರ ಕೈಗೆ ಹಣ ಸಿಗಲಿಲ್ಲ, ಇಲ್ಲವೇ ಸುಮ್ನೆ ಹೆಸರಿಗೆ ಅಂತ ಒಂದಿಷ್ಟು ಸಿಕ್ಕಿತು. ಹತ್ತು ವರ್ಷ ತಡವಾಗಿ ನೀರು ನಿಂತಿದ್ದರೆ ಕಥೆಯೇ ಬೇರೆ ಆಗುತ್ತಿತ್ತು, ಅಲ್ವಾ?

ಕುಂಸಿ, ಆಯನೂರು, ಶೆಟ್ಟಿಹಳ್ಳಿ ಕಡೆಯ ಕಾಡು ಕಡಿದು ಅವರಿಗೆ ಜಾಗ ತೋರಿಸಿದರು. ಮನೆ ಕಟ್ಟಿದರು, ಅಡಿಕೆ ಹಾಕಿದರು, ಮಕ್ಕಳು ಮೊಮ್ಮಕ್ಕಳಾದರು. ದಾಖಲೆಯಲ್ಲಿ ಅದು ಕಾಡಾಗಿಯೇ ಉಳಿಯಿತು. 1974ರಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯವಾಯಿತು. ಅದರೊಳಗೆ ಸಿಕ್ಕಿಕೊಂಡ ಹಳ್ಳಿಗಳಿಗೆ ಕಂಬ ನೆಡಲೂ ಅನುಮತಿ ಬೇಕು. ಕರೆಂಟಿಗಾಗಿ ಊರು ಬಿಟ್ಟವರ ಮನೆಯಲ್ಲಿ ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿ ಉರಿಯಿತು. ಇದಕ್ಕಿಂತ ಜಾಸ್ತಿ ನಾನು ಹೇಳಬೇಕಾಗಿಲ್ಲ.

ಪಹಣಿ ಇಲ್ಲದಿದ್ದರೆ ಆಗುವುದೇನು ಎಂದು ಪೇಟೆಯವರು ಕೇಳುತ್ತಾರೆ. ಸೊಸೈಟಿಯಲ್ಲಿ ಬೆಳೆ ಸಾಲ ಹುಟ್ಟುವುದಿಲ್ಲ. ತೋಟಕ್ಕೆ ಕೊಳೆ ಬಂದ ವರ್ಷ ಪರಿಹಾರದ ಅರ್ಜಿಯೇ ಒಳಗೆ ಹೋಗುವುದಿಲ್ಲ. ಅಣ್ಣತಮ್ಮಂದಿರು ಪಾಲಾದರೆ ಬಾಯಿಮಾತಿನಲ್ಲೇ ಆಗಬೇಕು. ಮಗಳ ಮದುವೆಗೆ ಅರ್ಧ ಎಕರೆ ಮಾರುತ್ತೇನೆಂದರೂ ಮಾರಲು ತನ್ನ ಹೆಸರಿನಲ್ಲಿ ಏನೂ ಇರುವುದಿಲ್ಲ.

ಸರ್ಕಾರಗಳು ಸುಮ್ಮನೆ ಕೂತಿದ್ದವು ಅನ್ನುವ ಹಾಗಿಲ್ಲ. 1994ರಿಂದ 2017ರವರೆಗೆ ಇಂಥ ಜಮೀನನ್ನು ಅರಣ್ಯದಿಂದ ಕೈಬಿಟ್ಟು 56 ಡಿನೋಟಿಫಿಕೇಶನ್ ಆದೇಶಗಳು ಹೊರಬಿದ್ದವು. ಹಕ್ಕುಪತ್ರ ಹಂಚುವ ಸಮಾರಂಭಗಳಾದವು, ಶಾಮಿಯಾನ, ಹಾರ, ಭಾಷಣ. ಆದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನ ಜಾಗ ಬಿಡಬೇಕೆಂದರೆ ಕೇಂದ್ರದ ಒಪ್ಪಿಗೆ ಬೇಕು. ಅದನ್ನು ಪಡೆದಿರಲಿಲ್ಲ. 2021ರಲ್ಲಿ ಹೈಕೋರ್ಟಿನ ತೀರ್ಪಿನ ಬೆನ್ನಿಗೇ ಆದೇಶಗಳು ರದ್ದಾದವು. ಅಷ್ಟು ವರ್ಷ ಆ ಒಂದು ಒಪ್ಪಿಗೆಯ ನೆನಪು ಯಾರಿಗೂ ಬರಲಿಲ್ಲ ಎಂದು ನಂಬುವುದು ಕಷ್ಟ.

ಇತ್ತ ಪವರ್ ಹೌಸಿನ ಕೆಲಸವೇ ಬದಲಾಗಿತ್ತು. ಮೊದಲು ಅದು ರಾಜ್ಯದ ಮುಖ್ಯ ಕರೆಂಟು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್, ಅಂದರೆ ಕರೆಂಟು ಸಾಗುವ ತಂತಿಗಳ ಜಾಲ, ದೇಶದ ಉಳಿದ ಗ್ರಿಡ್‌ಗೆ ಕೂಡಿಕೊಂಡಿತು. ಇಡೀ ದೇಶದ ಕರೆಂಟು ಈಗ ಒಂದೇ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತಿನ, ಲಯದಲ್ಲಿ ನಡೆಯಬೇಕು. ಬೇಡಿಕೆ ಏರಿದರೆ ಲಯ ಇಳಿಯುತ್ತದೆ, ಬೇಡಿಕೆ ಇಳಿದರೆ ಲಯ ಏರುತ್ತದೆ. ಕಲ್ಲಿದ್ದಲಿನ ಘಟಕವನ್ನು ತಣ್ಣಗಿನಿಂದ ಶುರು ಮಾಡಲು ಗಂಟೆಗಟ್ಟಲೆ ಬೇಕು. ನೀರಿನ ಟರ್ಬೈನಿಗೆ ಕೆಲವೇ ನಿಮಿಷ. ಹಾಗಾಗಿ ಲಯ ತಪ್ಪದಂತೆ ಹಿಡಿಯುವುದೂ ಈಗ ನೀರಿನ ಪವರ್ ಹೌಸುಗಳ ಕೆಲಸ. 2020ರ ಏಪ್ರಿಲ್ 5ರ ರಾತ್ರಿ ದೇಶವೆಲ್ಲ 9 ನಿಮಿಷ ದೀಪ ಆರಿಸಿತಲ್ಲ, ಆಗ ಬೇಡಿಕೆ 30,000 ಮೆಗಾವಾಟಿಗೂ ಜಾಸ್ತಿ ಕುಸಿದು ಮತ್ತೆ ಎದ್ದಿತು. ಗ್ರಿಡ್ ಬೀಳದಂತೆ ಹಿಡಿದದ್ದರಲ್ಲಿ ದೊಡ್ಡ ಪಾಲು ದೇಶದ ಜಲವಿದ್ಯುತ್ ಕೇಂದ್ರಗಳದು.

ಅದರ ಮೇಲೆ ಸೋಲಾರ್ ಬಂತು. ಪಾವಗಡವೊಂದರಲ್ಲೇ 2,050 ಮೆಗಾವಾಟ್. ಮಧ್ಯಾಹ್ನ ಬೇಕಾದಷ್ಟು ಕರೆಂಟು. ಸಂಜೆ ಮನೆಮನೆಯಲ್ಲಿ ದೀಪ, ಟಿವಿ ಹಚ್ಚುವ ಹೊತ್ತಿಗೆ ಸೂರ್ಯನೇ ಇಲ್ಲ. ಪಂಪ್ಡ್ ಸ್ಟೋರೇಜ್ ಇದಕ್ಕೆ ಉತ್ತರ. ಹಗಲಿನ ಅಗ್ಗದ ಕರೆಂಟಿನಲ್ಲಿ ಹೊಳೆಯ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ತಳಕಳಲೆಗೆ ಎತ್ತುವುದು, ಸಂಜೆ ಅದೇ ನೀರನ್ನು ಇಳಿಸಿ 2,000 ಮೆಗಾವಾಟ್ ಪಡೆಯುವುದು. ಸಾಮಾನ್ಯವಾಗಿ ಇಂಥ ಯೋಜನೆಗಳಲ್ಲಿ 100 ಯೂನಿಟ್ ಹಾಕಿದರೆ 75–80 ವಾಪಸ್ ಬರುತ್ತದೆ. ಹಳೇ ಪವರ್ ಹೌಸಿನ ಪೆಲ್ಟನ್ ಎಂಬ ಬಗೆಯ ಟರ್ಬೈನ್ ಚಕ್ರಗಳು ನೀರನ್ನು ಹಿಮ್ಮುಖವಾಗಿ ಎತ್ತಲಾರವು. ಅದಕ್ಕೇ ಹೊಸ ಸುರಂಗ, ನೆಲದೊಳಗೆ ಹೊಸ ಪವರ್ ಹೌಸ್.

ಅದು ಬರುವುದು ಸಿಂಗಳೀಕಗಳಿಗೆಂದು 2019ರಲ್ಲಿ ಸುಮಾರು 930 ಚದರ ಕಿಲೋಮೀಟರ್‌ಗೆ ವಿಸ್ತರಿಸಿದ ಅಭಯಾರಣ್ಯದಲ್ಲಿ. ಸುಮಾರು 54 ಹೆಕ್ಟೇರ್ ಕಾಡು ಬೇಕು. ಕೇಳಲು ಕಮ್ಮಿಯೇ. ಆದರೆ ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ, ಕೊಂಬೆಯಿಂದ ಕೊಂಬೆಗೇ ಅದರ ಓಡಾಟ. ರಸ್ತೆ ಅಗಲವಾಗಿ ಮೇಲಿನ ಕೊಂಬೆಗಳು ಕೂಡದಿದ್ದರೆ ಗುಂಪು ಅಲ್ಲೇ ಎರಡಾಗುತ್ತದೆ. ಹೆಕ್ಟೇರಿನ ಲೆಕ್ಕದಲ್ಲಿ ಇದು ಕಾಣುವುದಿಲ್ಲ. 2025ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪೆಯಲ್ಲಿ ಅಹವಾಲು ಸಭೆಗಳಾದವು. ವಿರೋಧ ಜೋರಾಗಿಯೇ ಇತ್ತು.

ಅದೇ ವರ್ಷ ಜುಲೈನಲ್ಲಿ ಲಿಂಗನಮಕ್ಕಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ನೀರು ನಿಂತು ಅರವತ್ತು ವರ್ಷದ ಮೇಲೆ ತುಮರಿ ಕಡೆಯವರಿಗೆ ಲಾಂಚ್ ಕಾಯುವುದು ತಪ್ಪಿತು.

ಈಗ ಎರಡು ಫೈಲುಗಳು ಒಂದೇ ಕಾನೂನಿನ ಮುಂದೆ ಇವೆ. ಪಂಪ್ಡ್ ಸ್ಟೋರೇಜಿನ 54 ಹೆಕ್ಟೇರಿಗೂ ಮುಳುಗಡೆಯವರ ತೋಟಕ್ಕೂ ಬೇಕಾದದ್ದು ಅರಣ್ಯ ಕಾಯ್ದೆಯಡಿ ಕೇಂದ್ರದ ಒಪ್ಪಿಗೆಯೇ. ಯೋಜನೆಯ ಫೈಲಿನ ಬೆನ್ನಿಗೆ ನಕಾಶೆ, ಅಧ್ಯಯನ ವರದಿ, ಬದಲಿ ಜಾಗದಲ್ಲಿ ಗಿಡ ನೆಡುವ ಲೆಕ್ಕ, ಎಂಜಿನಿಯರುಗಳು, ವಕೀಲರು ಇದ್ದಾರೆ. ಇನ್ನೊಂದಕ್ಕೆ ಮೊದಲು ಬೇಕಿರುವುದು ಯಾರ ತೋಟ ಎಲ್ಲಿಂದ ಎಲ್ಲಿಯವರೆಗೆ ಎಂದು ಕಂದಾಯ ಮತ್ತು ಅರಣ್ಯ ಇಲಾಖೆಗಳು ಒಟ್ಟಿಗೆ ನಿಂತು ಅಳತೆ ಮಾಡಿ, ಒಪ್ಪಿ ಹಾಕುವ ಸಹಿ.