ಇನ್ಸುಲಿನ್ ಶುರುವಾದ ಮೇಲೆ ಕಾಲುರಿ ಹೆಚ್ಚಿತು, ನಿಲ್ಲಿಸಬಹುದೇ?

ಪ್ರಶ್ನೆ: ಅಪ್ಪನಿಗೆ 62 ವರ್ಷ, ತುಂಬ ಸಮಯದಿಂದ ಶುಗರ್. ಎರಡು ತಿಂಗಳ ಹಿಂದೆ ಇನ್ಸುಲಿನ್ ಶುರು ಮಾಡಿದರು. ಶುಗರ್ ಚೆನ್ನಾಗಿ ಇಳಿದಿದೆ. ಆದರೆ ರಾತ್ರಿ ಹೊದಿಕೆ ತಾಗಿದರೂ ಪಾದ ಉರಿಯುತ್ತದಂತೆ. ಇಂಜೆಕ್ಷನ್‌ನಿಂದಲೇ ನರ ಹಾಳಾಯಿತು ಎನ್ನುತ್ತಾರೆ ನೆರೆಯವರು. ನಿಲ್ಲಿಸಬಹುದೇ?

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯಿಂದ ಈ ಪ್ರಶ್ನೆ ಆಗಾಗ ಬರುತ್ತದೆ. ನಿಲ್ಲಿಸಬೇಡಿ. ನೆರೆಯವರು ಕಂಡದ್ದು ಸರಿ, ಹೇಳಿದ ಕಾರಣ ಮಾತ್ರ ತಪ್ಪು.

ನರಕ್ಕೂ ರಕ್ತ ಬೇಕು. ಸೊಂಟದಿಂದ ಹೆಬ್ಬೆರಳಿನವರೆಗೆ ಸುಮಾರು ಒಂದು ಮೀಟರ್ ಉದ್ದದ ನರತಂತುಗಳಿವೆ. ಅವನ್ನು ಸಾಕುವುದು ಕೂದಲಿಗಿಂತ ಸಪೂರದ ರಕ್ತನಾಳಗಳು. ನಮ್ಮ ಬಾಯಾರಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗ ನೋಡಿದವರಿಗೆ ಇದು ಸುಲಭದಲ್ಲಿ ಅರ್ಥವಾದೀತು: ಅಲ್ಲಿ ನೀರು ಧುಮುಕುವುದಿಲ್ಲ, ಮುರಕಲ್ಲಿನ ಗೋಡೆಯಿಂದ ಒಸರುತ್ತದೆ. ನರಕ್ಕೆ ಆಮ್ಲಜನಕ ಸಿಗುವುದೂ ಹಾಗೆ ಒಸರಿಯೇ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಆ ನಾಳಗಳ ಗೋಡೆ ದಪ್ಪವಾಗುತ್ತದೆ. ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ಮೇಲಿಂದ, ನರದೊಳಗೆ ಸಕ್ಕರೆ ಹೋಗಲು ಇನ್ಸುಲಿನ್‌ನ ಅಪ್ಪಣೆ ಬೇಕಿಲ್ಲ. ರಕ್ತದಲ್ಲಿ ಹೆಚ್ಚಿದಷ್ಟೂ ನರದೊಳಗೂ ಹೆಚ್ಚು. ಅದರಲ್ಲಿ ಒಂದಷ್ಟು ಸಾರ್ಬಿಟಾಲ್ ಎಂಬ ಬೇರೆ ಪದಾರ್ಥವಾಗಿ ಅಲ್ಲೇ ಉಳಿಯುತ್ತದೆ. ಪಂಪಿನ ಒತ್ತಡ ಇಳಿದಾಗ ಮೊದಲು ಬಾಡುವುದು ತೋಟದ ಕೊನೆಯ ಸಾಲಿನ ಕಂಗು (ಅಡಿಕೆ ಮರ) ತಾನೆ? ಹಾಗೆ ಇಲ್ಲಿ ಮೊದಲು ಪಾದ.

ಇನ್ಸುಲಿನ್ ಈ ನಾಳಗಳ ಶತ್ರುವಲ್ಲ. ಆರೋಗ್ಯವಂತರಲ್ಲಿ ಅದೇ ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ ನಾಳ ಹಿಗ್ಗಿಸುತ್ತದೆ. ಎರಡನೇ ವಿಧದ ಮಧುಮೇಹದಲ್ಲಿ ದೇಹ ಆ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಹಾಗಾದರೆ ಉರಿ ಯಾಕೆ? ವೇಗದಿಂದ. ಹೆಚ್ಚು ಸಕ್ಕರೆಗೆ ಒಗ್ಗಿಹೋದ ನರಕ್ಕೆ ಅದು ಸರ್ರನೆ ಇಳಿದರೆ ತಡೆಯದು. ನರದೊಳಗಿನ ರಕ್ತ ಅಡ್ಡದಾರಿ ಹಿಡಿದು ಆಮ್ಲಜನಕ ಕಡಿಮೆಯಾಗುವುದು ಕಾರಣವಿರಬಹುದು. ಇಲಿಗಳಲ್ಲಿ ಹಾಗೆ ಕಂಡಿದೆ. 1933ರಲ್ಲೇ ಇಂಥ ರೋಗಿಯ ವರದಿ ಬಂದಿತ್ತು. ಆಗ ಇಟ್ಟ ‘ಇನ್ಸುಲಿನ್ ನ್ಯೂರೈಟಿಸ್’ (ಇನ್ಸುಲಿನ್‌ನಿಂದ ನರದ ಉರಿಯೂತ) ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು, ಏಕೆಂದರೆ ಮಾತ್ರೆಯಿಂದ ಸಕ್ಕರೆ ಬೇಗ ಇಳಿದವರಿಗೂ ಹೀಗಾಗುತ್ತದೆ.

ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಹಳೆಯ, ಹೊಸ ರಿಪೋರ್ಟ್ ಎರಡನ್ನೂ ಡಾಕ್ಟರಿಗೆ ತೋರಿಸಿ. ಮೂರು ತಿಂಗಳಲ್ಲಿ 2 ಅಂಕಕ್ಕಿಂತ ಹೆಚ್ಚು ಇಳಿದಿದ್ದರೆ ಇದೇ ಕಾರಣವೆಂಬ ಅನುಮಾನ ಬಲವಾಗುತ್ತದೆ. ಡೋಸ್ ಅವರೇ ನೋಡಲಿ. ಉರಿ ಸಾಮಾನ್ಯವಾಗಿ ತಿಂಗಳುಗಳಲ್ಲಿ ಇಳಿಯುತ್ತದೆ, ಕೆಲವರಿಗೆ ವರ್ಷ ದಾಟಬಹುದು. ನರನೋವಿಗೆ ಬೇರೆಯೇ ಮಾತ್ರೆಗಳಿವೆ. ಅಂಗಡಿಯ ನೋವಿನ ಮಾತ್ರೆ ನುಂಗಿ ಮೂತ್ರಪಿಂಡಕ್ಕೆ ಹೊರೆ ಹಾಕಬೇಡಿ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ಬಹಳ ವರ್ಷ ತಿಂದಿದ್ದರೆ ಬಿ12 ವಿಟಮಿನ್ ಕಡಿಮೆಯಾಗಿದೆಯೇ ನೋಡಿಸಿ. ಬೇಗ ಇಳಿದ ಸಕ್ಕರೆ ಕಣ್ಣನ್ನೂ ಕಾಡಬಹುದು, ಕಣ್ಣಿನ ಪರೀಕ್ಷೆ ತಪ್ಪಿಸಬೇಡಿ.

ಇನ್ನೊಂದು. ನನ್ನ ಸೋದರಮಾವ ಕಾಲುರಿ ತಾಳದೆ ಹಂಡೆಯ ಬಿಸಿನೀರನ್ನು ಬಾಲ್ದಿಗೆ ತೋಡಿ ಪಾದ ಇಳಿಸಿ ಕೂತರು. ಅವರಿಗೆ ‘ಹದ ಬೆಚ್ಚಗೆ’ ಅನಿಸಿತ್ತು. ಮರುದಿನ ಬೆಳಿಗ್ಗೆ ಅತ್ತೆ ನೋಡುವಾಗ ಎರಡೂ ಪಾದಗಳ ಮೇಲೆ ಬೊಬ್ಬೆ. ಉರಿಯುವ ಪಾದಕ್ಕೆ ಬಿಸಿ ತಿಳಿಯದಿರುವುದು ಈ ಕಾಯಿಲೆಯ ಕುತಂತ್ರ. ನೀರಿನ ಹದವನ್ನು ಮನೆಯ ಬೇರೊಬ್ಬರು ನೋಡಲಿ, ತೋಟಕ್ಕೆ ಬರಿಗಾಲಲ್ಲಿ ಬೇಡ.

ಆಸ್ಪತ್ರೆಯಲ್ಲಿ ನರ್ಸ್ ಮಲಯಾಳದಲ್ಲಿ “ತರಿಪ್ಪೋ, ಪುಗಚ್ಚಿಲೋ?” ಎಂದು ಕೇಳಿದರೆ ನಮ್ಮವರು ಎರಡಕ್ಕೂ ತಲೆಯಾಡಿಸಿ ಬರುತ್ತಾರೆ. ತರಿಪ್ಪು ಎಂದರೆ ಜೋಮು, ಪುಗಚ್ಚಿಲ್ ಎಂದರೆ ಉರಿ. ಅಪ್ಪನಿಗೆ ಯಾವುದು, ಯಾವಾಗಿನಿಂದ ಎಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ.