ಒಂದೇ ಅಕ್ಷಾಂಶ, ಎರಡು ಕರಾವಳಿ: ಸಾಗರ ಪ್ರವಾಹಗಳನ್ನು ಅರಿತುಕೊಂಡ ಕಥೆ

ಭೂಪಟದಲ್ಲಿ ಪೆರುವಿನ ಲಿಮಾ ಮತ್ತು ಬ್ರೆಜಿಲ್‌ನ ಸಾಲ್ವಡಾರ್ ಎಲ್ಲಿವೆ ನೋಡಿ. ಎರಡೂ ಸಮಭಾಜಕ ವೃತ್ತದ ದಕ್ಷಿಣಕ್ಕೆ 12–13 ಡಿಗ್ರಿಯಲ್ಲಿವೆ. ಎರಡೂ ಕಡಲ ದಡದ ಊರುಗಳೇ. ಆದರೆ ಸಾಲ್ವಡಾರ್‌ನಲ್ಲಿ ವರ್ಷವಿಡೀ ಸೆಕೆ, ಮಳೆ 2,000 ಮಿಲಿಮೀಟರ್ ಆಸುಪಾಸು. ಲಿಮಾ ಮರುಭೂಮಿಯಲ್ಲಿದೆ. ಅಲ್ಲಿ ತಿಂಗಳುಗಟ್ಟಲೆ ಬೂದು ಮೋಡ ಕವಿದಿರುತ್ತದೆ, ತುಂತುರು ಬಿಟ್ಟರೆ ಏನೂ ಬೀಳುವುದಿಲ್ಲ.

ಈ ವ್ಯತ್ಯಾಸದ ಹಿಂದಿರುವ ದೊಡ್ಡ ಕಾರಣ ದಡದ ಪಕ್ಕದ ನೀರು. ಒಂದು ಕಡೆ ಬೆಚ್ಚನೆಯ ಪ್ರವಾಹ, ಇನ್ನೊಂದು ಕಡೆ ತಣ್ಣನೆಯದು. ಈಗ ಇಷ್ಟು ಹೇಳುವುದು ಸುಲಭ. ಅದು ಹೇಗೆ ಅಂತ ಅರ್ಥವಾಗಲು ಮಾತ್ರ ಶತಮಾನಗಳೇ ಬೇಕಾದವು. ನಡುವೆ ಒಂದು ಅರ್ಧ ಸತ್ಯವೂ ಬೇರು ಬಿಟ್ಟಿತು.

ಮೊದಲು ಗಮನಿಸಿದವರು ನಾವಿಕರು. 1513ರಲ್ಲಿ ಸ್ಪೇನಿನ ಪೊನ್ಸೆ ಡಿ ಲಿಯೋನ್‌ನ ಹಡಗುಗಳು ಫ್ಲಾರಿಡಾ ಬಳಿ ಒಳ್ಳೆಯ ಗಾಳಿ ಇದ್ದರೂ ಹಿಂದಕ್ಕೆ ಸರಿದವು. ಅದೇ ಗಲ್ಫ್ ಸ್ಟ್ರೀಮ್. ಎರಡೂವರೆ ಶತಮಾನದ ನಂತರ ಇದೇ ಪ್ರವಾಹ ಅಂಚೆ ಇಲಾಖೆಗೆ ತಲೆನೋವಾಯಿತು. ಇಂಗ್ಲೆಂಡಿನಿಂದ ನ್ಯೂಯಾರ್ಕ್‌ಗೆ ಬರುವ ಅಂಚೆ ಹಡಗುಗಳು ಸಾಮಾನ್ಯ ಸರಕು ಹಡಗುಗಳಿಗಿಂತ ಎರಡು ವಾರ ತಡ ಮಾಡುತ್ತಿದ್ದವು. ಆಗ ಅಮೆರಿಕದ ವಸಾಹತುಗಳ ಅಂಚೆ ನೋಡಿಕೊಳ್ಳುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್, ತಿಮಿಂಗಿಲ ಬೇಟೆಯ ಊರು ನಾಂಟಕೆಟ್‌ನವನಾದ ತನ್ನ ಬಂಧು ಟಿಮೊಥಿ ಫೋಲ್ಗರ್‌ನನ್ನು ಕೇಳಿದ. ಬೇಟೆಗಾರರಿಗೆ ಉತ್ತರ ಗೊತ್ತಿತ್ತು: ಅಂಚೆ ಹಡಗುಗಳು ಪ್ರವಾಹಕ್ಕೆ ಎದುರಾಗಿ ಸಾಗುತ್ತಿದ್ದವು. ತಿಮಿಂಗಿಲಗಳು ಪ್ರವಾಹದ ಒಳಗೆ ಇರುವುದಿಲ್ಲ, ಅಂಚಿನಲ್ಲೇ ಓಡಾಡುತ್ತವೆ. ಅವುಗಳ ಬೆನ್ನು ಹತ್ತಿದವರಿಗೆ ಪ್ರವಾಹದ ಅಂಚು ಎಲ್ಲಿದೆ ಅಂತ ತಿಳಿಯದೆ ಇರುತ್ತದೆಯೇ? ಫೋಲ್ಗರ್ ನಕ್ಷೆ ಬರೆದುಕೊಟ್ಟ. ಬ್ರಿಟಿಷ್ ಕ್ಯಾಪ್ಟನ್‌ಗಳು ಮೀನುಗಾರರ ಮಾತಿಗೆ ಕಿವಿಗೊಡಲಿಲ್ಲ. 1775ರಲ್ಲಿ ಲಂಡನ್‌ನಿಂದ ಅಮೆರಿಕಕ್ಕೆ ಮರಳುವಾಗ ಫ್ರಾಂಕ್ಲಿನ್ ದಿನಕ್ಕೆ ಹಲವು ಸಲ ಥರ್ಮಾಮೀಟರನ್ನು ಕಡಲಿಗಿಳಿಸಿ ನೋಡಿದ. ಪ್ರವಾಹದ ನೀರು ಅಕ್ಕಪಕ್ಕದ ನೀರಿಗಿಂತ ಬೆಚ್ಚಗಿತ್ತು.

1802ರಲ್ಲಿ ಪೆರುವಿನ ತೀರದಲ್ಲಿ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಅಳೆದಾಗ ಇದಕ್ಕೆ ತದ್ವಿರುದ್ಧವಾದದ್ದು ಕಂಡಿತು. ಉಷ್ಣವಲಯದ ಕಡಲು, ನೀರು ಮಾತ್ರ ತಣ್ಣಗೆ. ಆ ಪ್ರವಾಹಕ್ಕೆ ಈಗ ಅವನದೇ ಹೆಸರಿದೆ.

ಇನ್ನು ಆ ಅರ್ಧ ಸತ್ಯ. 1855ರಲ್ಲಿ ಅಮೆರಿಕದ ನೌಕಾಪಡೆಯ ಮ್ಯಾಥ್ಯೂ ಮೌರಿ ತನ್ನ ಪುಸ್ತಕದಲ್ಲಿ ಗಲ್ಫ್ ಸ್ಟ್ರೀಮೇ ಯುರೋಪನ್ನು ಬೆಚ್ಚಗಿಡುತ್ತದೆ ಎಂದು ಬರೆದ. ಓದಲು ಸೊಗಸಾಗಿತ್ತು, ಜನಪ್ರಿಯವೂ ಆಯಿತು. ಸುಮ್ನೆ ಹೇಳಿದ ಮಾತೇನಲ್ಲ. ಆರ್ಕ್ಟಿಕ್ ವೃತ್ತದ ಆಚೆಗಿರುವ ರಷ್ಯಾದ ಮುರ್ಮನ್ಸ್ಕ್ ಬಂದರು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ನೀರು ನಾರ್ವೆ ತೀರ ದಾಟಿ ಅಲ್ಲಿಯವರೆಗೆ ತಲುಪುತ್ತದೆ. ಆದರೆ ಕೆನಡಾದ ಪಶ್ಚಿಮ ತೀರದ ವ್ಯಾಂಕೂವರ್‌ನಲ್ಲೂ ಚಳಿಗಾಲ ಸೌಮ್ಯವೇ. ಅಲ್ಲಿ ಗಲ್ಫ್ ಸ್ಟ್ರೀಮ್ ಎಲ್ಲಿದೆ? ಪೆಸಿಫಿಕ್‌ನ ಆಚೆ ದಡದಲ್ಲಿ, ಅದೇ ಅಕ್ಷಾಂಶದ ಏಷ್ಯಾದ ತೀರದಲ್ಲಿ, ಕೊರೆಯುವ ಚಳಿ.

2002ರಲ್ಲಿ ಹವಾಮಾನ ವಿಜ್ಞಾನಿ ರಿಚರ್ಡ್ ಸೀಗರ್ ಮತ್ತು ಸಹೋದ್ಯೋಗಿಗಳು ಇದನ್ನು ಲೆಕ್ಕ ಹಾಕಿ ನೋಡಿದರು. ಬೇಸಿಗೆಯಲ್ಲಿ ಕಡಲು ಹೀರಿಕೊಂಡ ಬಿಸಿಯನ್ನು ಚಳಿಗಾಲದಲ್ಲಿ ಪಶ್ಚಿಮದ ಗಾಳಿ ದಡಕ್ಕೆ ತರುತ್ತದೆ. ಜೊತೆಗೆ ರಾಕಿ ಪರ್ವತಗಳು ಆ ಗಾಳಿಯ ದಾರಿಯನ್ನೇ ಬಾಗಿಸುತ್ತವೆ. ಯುರೋಪಿನ ಸೌಮ್ಯ ಚಳಿಗಾಲದಲ್ಲಿ ಇವುಗಳ ಪಾಲೇ ದೊಡ್ಡದು, ಪ್ರವಾಹದ್ದು ಚಿಕ್ಕದು ಎಂದರು. ಎಲ್ಲ ವಿಜ್ಞಾನಿಗಳೂ ಒಪ್ಪಲಿಲ್ಲ, ವಾದ ನಡೆದಿದೆ. ನನಗನಿಸುವಂತೆ, ನಕ್ಷೆಯಲ್ಲಿ ಒಂದು ಕೆಂಪು ಬಾಣ ಎಳೆದು ಮಕ್ಕಳಿಗೆ ಪಾಠ ಮುಗಿಸಿಬಿಡುವುದು ತಪ್ಪು. ಗಾಳಿಯನ್ನು ಬಿಟ್ಟು ನೀರಿನ ಕಥೆ ಹೇಳಲು ಆಗುವುದಿಲ್ಲ.

ಲಿಮಾದ ತಣ್ಣನೆಯ ನೀರೂ ಗಾಳಿಯ ಕೆಲಸವೇ. ಇದರ ಸುಳಿವು ಸಿಕ್ಕಿದ್ದು ಉತ್ತರ ಧ್ರುವದ ಬಳಿ. 1893ರಿಂದ 1896ರವರೆಗೆ ಫ್ರಾಮ್ ಹಡಗನ್ನು ಮಂಜುಗಡ್ಡೆಯೊಂದಿಗೆ ತೇಲಲು ಬಿಟ್ಟಿದ್ದ ನಾರ್ವೆಯ ಅನ್ವೇಷಕ ಫ್ರಿಡ್ಜೋಫ್ ನಾನ್ಸೆನ್‌ಗೆ, ಮಂಜುಗಡ್ಡೆ ಗಾಳಿ ಬೀಸಿದ ಕಡೆಗೇ ಹೋಗದೆ ಬಲಕ್ಕೆ ವಾಲುವುದು ಕಂಡಿತು. 1905ರಲ್ಲಿ ಸ್ವೀಡನ್ನಿನ ಸಾಗರ ವಿಜ್ಞಾನಿ ವಾಗ್ನ್ ಎಕ್ಮನ್ ಇದಕ್ಕೆ ಗಣಿತ ಕೊಟ್ಟ. ಭೂಮಿ ತಿರುಗುವುದರಿಂದ ಮೇಲ್ಪದರದ ನೀರು ಒಟ್ಟಾರೆ ಗಾಳಿಗೆ ಅಡ್ಡಲಾಗಿ ಸರಿಯುತ್ತದೆ. ಉತ್ತರಾರ್ಧದಲ್ಲಿ ಬಲಕ್ಕೆ, ದಕ್ಷಿಣಾರ್ಧದಲ್ಲಿ ಎಡಕ್ಕೆ. ಪೆರುವಿನ ತೀರದುದ್ದಕ್ಕೂ ಗಾಳಿ ಉತ್ತರದ ಕಡೆಗೆ ಬೀಸುತ್ತದೆ. ಅದರ ಎಡಕ್ಕೆ ಇರುವುದು ತೆರೆದ ಕಡಲು. ಮೇಲಿನ ಬೆಚ್ಚನೆಯ ನೀರು ಆಚೆ ಸರಿಯುತ್ತದೆ, ಖಾಲಿಯಾದ ಜಾಗಕ್ಕೆ ಆಳದ ತಣ್ಣನೆಯ ನೀರು ಏಳುತ್ತದೆ. ಅಲ್ಲಿನ ಚಳಿ ಬರೀ ದಕ್ಷಿಣದಿಂದ ಹರಿದು ಬಂದದ್ದಲ್ಲ, ಕೆಳಗಿನಿಂದಲೂ ಎದ್ದದ್ದು.

ಆ ನೀರಿನ ಮೇಲಿನ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಅದರ ಮೇಲೆ ಬಿಸಿ ಗಾಳಿ ಮುಚ್ಚಳದಂತೆ ಕೂರುತ್ತದೆ. ತೇವ ಮೇಲೇರಿ ಮಳೆಮೋಡವಾಗಲು ದಾರಿಯೇ ಇಲ್ಲ, ಕೆಳಗೇ ಮಂಜಾಗಿ ನಿಲ್ಲುತ್ತದೆ. ಚಿಲಿಯ ಅಟಕಾಮಾ ಮರುಭೂಮಿಯ ಕಡಲಂಚಿನ ಅರಿಕಾದಲ್ಲಿ ವರ್ಷದ ಸರಾಸರಿ ಮಳೆ 1 ಮಿಲಿಮೀಟರ್ ಕೂಡ ಇಲ್ಲ. ಆಫ್ರಿಕಾದ ನೈಋತ್ಯ ತೀರದಲ್ಲಿ, ತಣ್ಣನೆಯ ಬೆಂಗ್ವೆಲಾ ಪ್ರವಾಹದ ಪಕ್ಕದ ನಮೀಬ್ ಮರುಭೂಮಿಯಲ್ಲೂ ಇದೇ ಕಥೆ. ಅಲ್ಲಿನ ಒಂದು ಕಪ್ಪು ಜೀರುಂಡೆ ಮಂಜಿನ ಬೆಳಗ್ಗೆ ಮರಳು ದಿಬ್ಬದ ತುದಿಗೆ ಹತ್ತಿ, ತಲೆ ಕೆಳಗೆ ಮಾಡಿ ಗಾಳಿಗೆ ಬೆನ್ನೊಡ್ಡಿ ನಿಲ್ಲುತ್ತದೆ. ಬೆನ್ನ ಮೇಲೆ ಕೂಡಿದ ಹನಿ ಜಾರಿ ಬಾಯಿಗೆ ಬೀಳುತ್ತದೆ. ಕಡಲಿನಿಂದ ಅದಕ್ಕೆ ಸಿಗುವ ನೀರು ಅಷ್ಟೇ.

ಈ ವ್ಯವಸ್ಥೆ ಆಗಾಗ ತಲೆಕೆಳಗಾಗುತ್ತದೆ. ಕೆಲವು ವರ್ಷ ಕ್ರಿಸ್‌ಮಸ್ ಹೊತ್ತಿಗೆ ನೀರು ಬಿಸಿಯಾಗಿ ಮೀನು ಕಡಿಮೆಯಾಗುವುದನ್ನು ಕಂಡಿದ್ದ ಪೆರುವಿನ ಮೀನುಗಾರರು ಅದನ್ನು ಎಲ್ ನಿನೊ (ಬಾಲ ಯೇಸು) ಎಂದರು. ಪೂರ್ವದಿಂದ ಬೀಸುವ ಗಾಳಿ ಸೋತಾಗ ಪಶ್ಚಿಮ ಪೆಸಿಫಿಕ್‌ನ ಬಿಸಿ ನೀರು ಪೂರ್ವಕ್ಕೆ ಮರಳುತ್ತದೆ ಎಂಬ ನಂಟನ್ನು ಹವಾಮಾನ ವಿಜ್ಞಾನಿ ಜೇಕಬ್ ಬ್ಯರ್ಕ್ನೆಸ್ 1969ರಲ್ಲಿ ವಿವರಿಸಿದರು. 1997–98ರ ಎಲ್ ನಿನೊ ಹೊತ್ತಿನಲ್ಲಿ ಪೆರುವಿನ ಸೆಚುರಾ ಮರುಭೂಮಿಯಲ್ಲಿ ಎಷ್ಟು ಮಳೆ ಸುರಿಯಿತೆಂದರೆ ಅಲ್ಲೊಂದು ದೊಡ್ಡ ಸರೋವರವೇ ನಿಂತಿತು.

ಈಗಿನ ಆತಂಕ ಅಟ್ಲಾಂಟಿಕ್‌ನದು. ಅಲ್ಲಿ ಮೇಲ್ಪದರದ ಬೆಚ್ಚನೆಯ ನೀರು ಉತ್ತರಕ್ಕೆ ಹೋಗಿ, ತಣ್ಣಗಾಗಿ ಮುಳುಗಿ, ಆಳದಲ್ಲಿ ದಕ್ಷಿಣಕ್ಕೆ ಮರಳುತ್ತದೆ. ಈ ಚಕ್ರ ಈ ಶತಮಾನದಲ್ಲಿ ನಿಧಾನವಾಗುವ ಸಾಧ್ಯತೆ ಬಹಳ ಹೆಚ್ಚು ಎಂದು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ 2021ರ ವರದಿ ಹೇಳಿತು. 2100ಕ್ಕೆ ಮೊದಲು ಹಠಾತ್ತನೆ ನಿಲ್ಲಲಾರದು ಎಂದೂ ಹೇಳಿತು, ಆದರೆ ಆ ಮಾತಿನ ಮೇಲೆ ಅದಕ್ಕಿದ್ದ ಭರವಸೆ ಮಧ್ಯಮ ಮಟ್ಟದ್ದು. ನಿಧಾನವಾದರೆ ಅಮೆರಿಕದ ಪೂರ್ವ ತೀರದಲ್ಲಿ ಕಡಲ ಮಟ್ಟ ಇನ್ನೂ ಜಾಸ್ತಿ ಏರುತ್ತದೆ, ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಜರುಗುತ್ತದೆ. 26 ಡಿಗ್ರಿ ಉತ್ತರದಲ್ಲಿ ಕಡಲಿಗೆ ಅಡ್ಡಲಾಗಿ ಉಪಕರಣ ಕಟ್ಟಿ ಈ ಹರಿವನ್ನು ಬಿಡದೆ ಅಳೆಯಲು ಶುರುವಾದದ್ದು 2004ರಲ್ಲಿ. ಹರಿವು ತಾನಾಗಿಯೇ ಹತ್ತಾರು ವರ್ಷಗಳ ಲಯದಲ್ಲಿ ಏರಿಳಿಯುವಂಥದ್ದು. ಹಾಗಾಗಿ ಈ ಅಳತೆ ಇನ್ನೂ ಹಲವು ದಶಕ ನಿಲ್ಲದೆ ನಡೆಯಲೇಬೇಕು.